ಕಿವಿ ಮಲಗದ ರಾತ್ರಿಗಳು

ಸಕಲೇಶಪುರ, ಆಲೂರಿನ ಹಳ್ಳಿಗಳಲ್ಲಿ ಬೆಳಿಗ್ಗೆ ಯಾರಾದರೂ ‘ರಾತ್ರಿ ನಿದ್ದೆನೇ ಆಗ್ಲಿಲ್ಲ ಕಣಣ್ಣ’ ಅಂದರೆ ಎದುರಿಗಿದ್ದವರು ಆರೋಗ್ಯ ವಿಚಾರಿಸುವುದಿಲ್ಲ. ‘ಎಲ್ಲೀವರೆಗೆ ಬಂದಿತ್ತು?’ ಎನ್ನುತ್ತಾರೆ. ಬಂದದ್ದು ಏನೆಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕಿಲ್ಲ. ಗದ್ದೆಯ ಬದುವಿಗೋ, ಕಾಫಿ ಕಣಕ್ಕೋ, ಹಿತ್ತಲ ಬಾಳೆಗೋ ಎನ್ನುವುದಷ್ಟೇ ಪ್ರಶ್ನೆ. ಮಾತು ಅಲ್ಲಿಂದ ಮುರಿದ ಬೈನೆ ಮರಕ್ಕೆ, ತುಳಿದ ಸ್ಪ್ರಿಂಕ್ಲರ್ ಪೈಪಿಗೆ, ಫಾರೆಸ್ಟಿನವರು ಎಷ್ಟು ಹೊತ್ತಿಗೆ ಬಂದರು ಎಂಬಲ್ಲಿಗೆ ಹೊರಳುತ್ತದೆ. ನಿದ್ದೆಯ ವಿಚಾರ ಅಲ್ಲಿಗೇ ಬಿದ್ದುಹೋಗುತ್ತದೆ.

ಹಾಗೆ ಬಿದ್ದುಹೋದ ವಿಚಾರ ಮರುದಿನದ ಕೆಲಸದಲ್ಲಿ ಹೇಗೆ ತಲೆಯೆತ್ತುತ್ತದೆ ಎಂಬುದೇ ಈ ಅಧ್ಯಾಯದ ವಸ್ತು. ನಿದ್ದೆ ಮತ್ತು ದುಡಿಮೆಯ ಬಗ್ಗೆ ನಮ್ಮಲ್ಲಿ ಬರುವ ಲೇಖನಗಳೆಲ್ಲ ಬೆಂಗಳೂರಿನ ಕಾಲ್ ಸೆಂಟರು, ಮೊಬೈಲಿನ ನೀಲಿ ಬೆಳಕು, ಆಫೀಸಿನ ಒತ್ತಡ ಇವುಗಳ ಸುತ್ತಲೇ ಸುತ್ತುತ್ತವೆ. ಮಲೆನಾಡಿನವರು ಎಂಟಕ್ಕೆ ಊಟ ಮಾಡಿ ಒಂಬತ್ತಕ್ಕೆ ಮಲಗುವ ಪುಣ್ಯವಂತರೆಂದು ಲೆಕ್ಕ. ಒಂಬತ್ತಕ್ಕೆ ಮಲಗುವುದು ನಿಜ. ಆದರೆ ಮಲಗುವುದು ಬೇರೆ, ನಿದ್ದೆ ಬೇರೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಿನ ಅಂಚಿನಲ್ಲಿ ಜನ ಬಿಟ್ಟುಹೋದ ಜಾಗಗಳು ಪೊದೆ ಬೆಳೆದು ಆನೆಗಳಿಗೆ ಆಸರೆಯಾದವು. ಸುತ್ತ ಭತ್ತ, ಬಾಳೆ, ಹಲಸು, ನೆರಳಿಗೆ ಕಾಫಿ ತೋಟ, ಕುಡಿಯಲು ತೋಟದ ಕೆರೆ. ಹೈಕೋರ್ಟ್ ನೇಮಿಸಿದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನು ಅಲ್ಲಿಂದ ತೆಗೆಯಬೇಕೆಂದಿತು. 2014ರ ಆಸುಪಾಸಿನಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಈಗ ಭೀಮ, ಕರಡಿ ಎಂದು ಸಲಗಗಳಿಗೆ ಹೆಸರಿಟ್ಟು ನೆಂಟರಂತೆ ಗುರುತು ಹಿಡಿಯುವಷ್ಟು ಬಳಕೆ.

ಆನೆ ಬೆಳೆ ತುಳಿದರೆ ಪರಿಹಾರಕ್ಕೆ ಅರ್ಜಿಯಿದೆ. ಜೀವ ಹೋದರೂ ಪರಿಹಾರವಿದೆ, ಅದರ ಮೊತ್ತದ ಬಗ್ಗೆ ಜಗಳವೂ ಇದೆ. ಬೆಳೆ ಉಳಿಸಲು ಎಚ್ಚರವಿದ್ದ ರಾತ್ರಿಗಳಿಗೆ ಮಾತ್ರ ಯಾವ ಕಾಲಮ್ಮೂ ಇಲ್ಲ. ಮಾನ್ ಬರುವಾ, ಶೋನಿಲ್ ಭಾಗವತ್ ಮತ್ತು ಸುಶ್ರುತ್ ಜಾಧವ್ 2013ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಕಾಡುಪ್ರಾಣಿ ಸಂಘರ್ಷದ ‘ಕಾಣದ ನಷ್ಟ’ಗಳನ್ನು ಪಟ್ಟಿ ಮಾಡಿದ್ದಾರೆ. ಕಾವಲಿನಿಂದ ತಪ್ಪಿದ ನಿದ್ದೆಯೂ ಅದರಲ್ಲೊಂದು. ಕಾಣದ್ದು ಏಕೆಂದರೆ ಅದಕ್ಕೆ ಮಹಜರು ಮಾಡಲು ಬರುವುದಿಲ್ಲ.

ನಿದ್ದೆ ಬರುವುದು ಎರಡು ಕಾರಣಗಳ ಕೂಟದಿಂದ. ಸ್ವಿಸ್ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಈ ವಿವರಣೆ ಇಂದಿಗೂ ನಿಂತಿದೆ. ಎದ್ದಿದ್ದಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಜೀವಕೋಶಗಳು ಶಕ್ತಿ ಖರ್ಚು ಮಾಡಿದಾಗ ಉಳಿಯುವ ಅಡೆನೊಸಿನ್ ಎಂಬ ರಾಸಾಯನಿಕ ಇದರ ಒಂದು ಗುರುತು. ಮಲಗಿದಾಗ, ಅದರಲ್ಲೂ ಮೊದಲ ಜಾವದ ಗಾಢನಿದ್ದೆಯಲ್ಲಿ, ಈ ಒತ್ತಡ ಇಳಿಯುತ್ತದೆ. ಇದು ಒಂದು. ಇನ್ನೊಂದು, ನಾವು ನಿದ್ದೆಗೆಟ್ಟಿದ್ದರೂ ಬಿಟ್ಟಿದ್ದರೂ ತನ್ನ ಪಾಡಿಗೆ ತಾನು ನಡೆಯುವ ದೇಹದ ಗಡಿಯಾರ. ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುವ ಜಾಗದ ಮೇಲೆ ಕುಳಿತ ಸುಮಾರು 20,000 ನರಕೋಶಗಳ ಗುಂಪು ಇದರ ಯಜಮಾನ. ಜೀವಕೋಶದೊಳಗೆ ಇಂಥ ಗಡಿಯಾರ ಹೇಗೆ ನಡೆಯುತ್ತದೆಂದು ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂತು. ಈ ಗಡಿಯಾರದ ಪ್ರಕಾರ ದೇಹ ಅತಿ ಮಂಕಾಗಿರುವುದು ಬೆಳಗಿನ ಜಾವದ ಮೂರರಿಂದ ಐದು ಗಂಟೆಯ ನಡುವೆ. ಮೈಬಿಸಿ ಇಳಿದಿರುತ್ತದೆ, ಕೈಕಾಲು ನಿಧಾನ, ಬುದ್ಧಿ ಇನ್ನೂ ನಿಧಾನ.

ಆನೆಗೆ ಈ ಕಷ್ಟವಿಲ್ಲ. ಬೋಟ್ಸ್ವಾನಾದ ಚೋಬೆ ಕಾಡಿನಲ್ಲಿ ಎರಡು ಹಿರಿಯ ಹೆಣ್ಣಾನೆಗಳ ಸೊಂಡಿಲಿನಲ್ಲಿ ಚಲನೆ ಅಳೆಯುವ ಪುಟ್ಟ ಸಾಧನ ಇಟ್ಟು ನೋಡಿದಾಗ ಅವು ದಿನಕ್ಕೆ ಸರಾಸರಿ ಎರಡೇ ಗಂಟೆ ನಿದ್ರಿಸಿದ್ದು ಕಂಡಿತು. 2017ರಲ್ಲಿ ಪ್ರಕಟವಾದ ಅಧ್ಯಯನ ಇದು. ಕೆಲವು ದಿನ ಅವು ಮಲಗಲೇ ಇಲ್ಲ. ಅವು ಆಫ್ರಿಕದ ಆನೆಗಳು, ಸಾಕಿದ ಆನೆಗಳು ಇದಕ್ಕಿಂತ ಹೆಚ್ಚು ಮಲಗುತ್ತವೆ, ಎಲ್ಲವೂ ಸರಿ. ಆದರೂ ಗದ್ದೆ ಕಾಯಲು ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೂತವನು ಯಾರ ಜೊತೆ ಪಂದ್ಯ ಕಟ್ಟಿದ್ದಾನೆ ಎಂಬುದಕ್ಕೆ ಇಷ್ಟು ಸಾಕು.

ಅಟ್ಟಣೆಯವನ ಎಚ್ಚರ ಕಣ್ಣಿಗೆ ಕಾಣುತ್ತದೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಮನೆಯೊಳಗೆ ಮಲಗಿದವರ ನಿದ್ದೆ. ಆಷಾಢದ ಮಳೆ ರಾತ್ರಿಯಿಡೀ ಜಿಂಕ್ ಶೀಟಿನ ಮೇಲೆ ಚಚ್ಚುತ್ತಿದ್ದರೂ ತೋಟದಾಳುಗಳ ಲೈನ್ ಮನೆಯಲ್ಲಿ ಯಾರೂ ಮಗ್ಗುಲು ಬದಲಿಸುವುದಿಲ್ಲ. ಅದೇ ಮಳೆಯ ನಡುವೆ ಎಲ್ಲೋ ಒಂದು ಬೈನೆ ಲಟಕ್ಕೆಂದರೆ ಮನೆಯೆಲ್ಲ ಎದ್ದು ಕೂತಿರುತ್ತದೆ. ಸದ್ದಿನ ಗಾತ್ರವಲ್ಲ, ಅದರ ಅರ್ಥ ಎಬ್ಬಿಸುತ್ತದೆ. ನಿದ್ದೆಯಲ್ಲಿರುವವರ ಮಿದುಳಿನ ಅಲೆಗಳನ್ನು ದಾಖಲಿಸುತ್ತಾ ಹೆಸರುಗಳನ್ನು ಕೇಳಿಸಿದ ಇಯಾನ್ ಆಸ್ವಾಲ್ಡ್, 1960ರಷ್ಟು ಹಿಂದೆಯೇ, ಬೇರೆಯವರ ಹೆಸರಿಗಿಂತ ತಮ್ಮ ಹೆಸರಿಗೆ ಅವರ ಮಿದುಳು ಜೋರಾಗಿ ಓಗೊಡುವುದನ್ನು ಕಂಡಿದ್ದ. ಅಂದರೆ ನಿದ್ದೆಯಲ್ಲೂ ಕಿವಿ ಸದ್ದುಗಳನ್ನು ಜರಡಿ ಹಿಡಿಯುತ್ತಿರುತ್ತದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರದಿರುವುದಕ್ಕೂ ಇದೇ ನಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಯುಕಾ ಸಸಾಕಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದ್ದು: ಅಂಥ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಆಳಕ್ಕೆ ಇಳಿಯುವುದಿಲ್ಲ, ಅರೆ ಕಾವಲಿನಲ್ಲಿರುತ್ತದೆ.

ಸದ್ದೇ ಆಗದ ರಾತ್ರಿಗಳ ಕತೆಯೇನು? ಇದಕ್ಕೆ ಉತ್ತರ ಸಿಗುವುದು ಮಲೆನಾಡಿನಿಂದ ಬಲು ದೂರ, ಸ್ವೀಡನ್ನಿನ ಹಡಗುಗಳಲ್ಲಿ. ಎಂಜಿನ್ ಕೋಣೆಯಲ್ಲಿ ರಾತ್ರಿ ಯಾರೂ ಇರದ ಹೊಸ ಮಾದರಿಯ ಹಡಗುಗಳು ಬಂದಾಗ, ಎಂಜಿನಿಯರುಗಳು ತಮ್ಮ ಕೋಣೆಯಲ್ಲಿ ಮಲಗಬಹುದಿತ್ತು. ತೊಂದರೆಯಾದರೆ ಅಲಾರಂ ಕೂಗುತ್ತದೆ, ಎದ್ದು ಓಡಬೇಕು, ಅಷ್ಟೇ. ಟೋರ್ಸ್‌ವಾಲ್ ಮತ್ತು ಓಕರ್‌ಸ್ಟೆಟ್ ಎಂಬ ಸಂಶೋಧಕರು 1988ರಲ್ಲಿ ಅವರ ಮಿದುಳಿನ ಅಲೆ, ಹೃದಯಬಡಿತ ಅಳೆದರು. ಕರೆ ಬರಬಹುದಾದ ರಾತ್ರಿಗಳಲ್ಲಿ ನಿದ್ದೆ ಕಡಿಮೆ, ಗಾಢನಿದ್ದೆ ಇನ್ನೂ ಕಡಿಮೆ, ಎದೆಬಡಿತ ಹೆಚ್ಚು, ಮರುದಿನ ತೂಕಡಿಕೆ. ಮುಖ್ಯವಾದದ್ದು ಏನೆಂದರೆ, ಅಲಾರಂ ಕೂಗುವ ಮೊದಲೇ ನಿದ್ದೆ ಹಾಳಾಗಿತ್ತು. ಬರಬಹುದು ಎಂಬ ಆತಂಕವೇ ಸಾಕಾಗಿತ್ತು.

ಆನೆ ಬಂದ ರಾತ್ರಿಗಳನ್ನು ಮಾತ್ರ ಎಣಿಸುವ ನಮ್ಮ ಲೆಕ್ಕ ಇಲ್ಲಿ ತಪ್ಪುತ್ತದೆ. ಪಕ್ಕದ ಊರಿಗೆ ಬಂದಿದೆಯಂತೆ ಎಂಬ ಸುದ್ದಿ ಸಂಜೆ ಬಂದರೆ ಆ ರಾತ್ರಿ ಈ ಊರಿನ ನಿದ್ದೆಯೂ ಹೋಯಿತು. ಭತ್ತ ಹಾಲು ತುಂಬಿದಂದಿನಿಂದ ಒಕ್ಕಣೆ ಮುಗಿದು ಮನೆ ಸೇರುವವರೆಗೆ ಇದು ದಿನನಿತ್ಯದ ಪಾಡು. ಆನೆ ಕೊನೆಗೂ ಬರದೇ ಹೋದರೆ ‘ಈ ಸಲ ಪರವಾಗಿಲ್ಲ, ಕಾಟ ಇರ್ಲಿಲ್ಲ’ ಎನ್ನುತ್ತಾರೆ.

ಹೀಗೆ ಕಳೆದುಕೊಂಡ ನಿದ್ದೆಯ ಬೆಲೆ ತೆರುವುದು ಮರುದಿನದ ಕೆಲಸ. ಕ್ಯಾಲೆಂಡರು ಇಲ್ಲಿ ದಯೆ ತೋರುವುದಿಲ್ಲ. ಭತ್ತ ಕಾಯುವ ನವೆಂಬರ್–ಡಿಸೆಂಬರಿನಲ್ಲೇ ಅರೇಬಿಕಾ ಹಣ್ಣಾಗುತ್ತದೆ. ಹಗಲು ಕೊಯ್ದ ಹಣ್ಣನ್ನು ಸಂಜೆ ತೂಕ ಹಾಕಿ, ಹುಳಿ ಬರುವ ಮೊದಲು ಅದೇ ರಾತ್ರಿ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಬೇಕು. ಪಲ್ಪರ್ ಮನೆಯ ಕೆಲಸ ಹತ್ತು ಹನ್ನೊಂದಕ್ಕೂ ಮುಗಿಯುವುದಿಲ್ಲ. ಅರೇಬಿಕಾ ಮುಗಿಯಿತೆನ್ನುವಾಗ ರೋಬಸ್ಟಾ, ಅದರ ಬೆನ್ನಿಗೆ ಮೆಣಸು. ಫೆಬ್ರವರಿಯಲ್ಲಿ ರೋಬಸ್ಟಾಕ್ಕೆ ಹೂವಿನ ನೀರು ಕೊಡಬೇಕು. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಹೋಗಿ ಪೈಪ್ ಲೈನು ಬದಲಿಸಬೇಕು, ಟಾರ್ಚಿನ ಬೆಳಕಿನಲ್ಲಿ, ಅದೇ ಆನೆಗಳು ಓಡಾಡುವ ತೋಟದಲ್ಲಿ.

ನಿದ್ದೆಗೆಟ್ಟ ಕೈ ಕಾಫಿ ಹಣ್ಣು ಕೊಯ್ಯುವುದನ್ನು ನಿಲ್ಲಿಸುವುದಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಅದು, ಕೈ ತಾನೇ ನಡೆಯುತ್ತದೆ. ಬುಟ್ಟಿಗೆ ನಾಲ್ಕು ಹಸಿರು ಕಾಯಿ ಹೆಚ್ಚು ಬೀಳಬಹುದು, ರೈಟರು ಗೊಣಗಬಹುದು. ನಿದ್ದೆಗೇಡು ಮೊದಲು ಕಚ್ಚುವುದು ಕಾಯುವ ಕೆಲಸವನ್ನು: ಏನೂ ಆಗದೆ ಇರುವಾಗ ಗಮನ ಇಟ್ಟುಕೊಂಡಿದ್ದು, ಆದ ಕ್ಷಣ ಎಚ್ಚೆತ್ತುಕೊಳ್ಳುವುದನ್ನು. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಪರೀಕ್ಷೆ ನೋಡಲು ಮಕ್ಕಳಾಟ. ಕಿಂಡಿಯಲ್ಲಿ ಅಂಕಿ ಕಂಡ ಕೂಡಲೇ ಗುಂಡಿ ಒತ್ತಬೇಕು, ಹತ್ತು ನಿಮಿಷ. ಅರ್ಧ ಸೆಕೆಂಡಿಗಿಂತ ತಡವಾದರೆ ಗಮನ ಜಾರಿತೆಂದು ಲೆಕ್ಕ. ನಿದ್ದೆ ಕಡಿಮೆಯಾದವರು ಎಲ್ಲ ಸಲವೂ ನಿಧಾನವಲ್ಲ. ಹತ್ತು ಸಲ ಸರಿಯಾಗಿಯೇ ಒತ್ತಿ, ಹನ್ನೊಂದನೆಯದಕ್ಕೆ ಸುಮ್ಮನೆ ಕೂತಿರುತ್ತಾರೆ, ಕಣ್ಣು ತೆರೆದೇ ಇರುತ್ತದೆ. ಸಿಲ್ವರ್ ಓಕಿಗೆ ಒರಗಿಸಿದ ಬಿದಿರೇಣಿಯ ತುದಿಯಲ್ಲಿ ಮೆಣಸು ಬಿಡಿಸುವವನಿಗೆ ಆ ಹನ್ನೊಂದನೆಯ ಸಲ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ.

‘ನಮಗೆಲ್ಲ ರೂಢಿ ಆಗೋಗಿದೆ’ ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಈ ಮಾತನ್ನು ನಾನು ಗೌರವದಿಂದಲೇ ಅನುಮಾನಿಸುತ್ತೇನೆ. ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ರಾತ್ರಿ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆಯಂತೆ ಎರಡು ವಾರ ಮಲಗಲು ಬಿಟ್ಟರು. ಎರಡು ವಾರದ ಕೊನೆಗೆ ಆರು ಗಂಟೆಯವರ ಗಮನ ಒಂದು ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ, ನಾಲ್ಕು ಗಂಟೆಯವರದು ಎರಡು ರಾತ್ರಿ ಕೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರನ್ನೇ ಕೇಳಿದರೆ? ಮೊದಲ ಕೆಲವು ದಿನ ತೂಕಡಿಕೆ ಅಂದವರು ಆಮೇಲೆ ಹೆಚ್ಚೇನೂ ದೂರಲಿಲ್ಲ. ಗಮನ ಕುಸಿಯುತ್ತಲೇ ಇತ್ತು, ಕುಸಿಯುತ್ತಿದೆ ಎಂಬ ಅರಿವು ನಿಂತುಹೋಗಿತ್ತು. ರೂಢಿಯಾಗುವುದು ನಿದ್ದೆಗೇಡಲ್ಲ, ಅದರ ಭಾವನೆ.

ನಡುರಾತ್ರಿ ಆನೆ ಓಡಿಸುವ ಪಟಾಕಿ ಸದ್ದಿಗೆ ದಿಗ್ಗನೆದ್ದು ಟಾರ್ಚು ಹಿಡಿದು ಅಂಗಳಕ್ಕೆ ಓಡುವವರಿಗೆ ಇನ್ನೊಂದು ಅಪಾಯವಿದೆ. ಗಾಢನಿದ್ದೆಯಿಂದ ಎದ್ದ ಮೊದಲ ಹದಿನೈದು ಇಪ್ಪತ್ತು ನಿಮಿಷ ಮಿದುಳು ಪೂರ್ತಿ ಎದ್ದಿರುವುದಿಲ್ಲ. ಕಾಲು ನಡೆಯುತ್ತದೆ, ಬಾಯಿ ಕೂಗುತ್ತದೆ, ತೀರ್ಮಾನ ಮಾಡುವ ಭಾಗ ಮಾತ್ರ ಇನ್ನೂ ಹಾಸಿಗೆಯಲ್ಲೇ ಇರುತ್ತದೆ. ಕತ್ತಲಲ್ಲಿ ಆನೆಗೂ ತನಗೂ ಎಷ್ಟು ದೂರ ಎಂದು ಅಳೆಯಬೇಕಾದ ಹೊತ್ತು ಅದು.

ಕಾಫಿ ಬೆಳೆಯುವ ನಾಡಿನಲ್ಲಿ ಇದಕ್ಕೆಲ್ಲ ಔಷಧಿ ಕೇಳಬೇಕೆ? ಬೆಲ್ಲದ ಕಾಫಿ ಲೋಟಗಟ್ಟಲೆ ಇಳಿಯುತ್ತದೆ. ಕೆಫೀನ್ ಮಾಡುವುದಿಷ್ಟು: ಮಿದುಳಿನಲ್ಲಿ ಅಡೆನೊಸಿನ್ ಕೂರಬೇಕಾದ ಜಾಗಕ್ಕೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ, ಮೊದಲೇ ಹೋಗಿ ಕೂರುತ್ತದೆ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ, ನಿಂತುಕೊಂಡೇ ಇರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದಾರು ಗಂಟೆ ಬೇಕು. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಕೂಡ ಒಂದು ಗಂಟೆಗೂ ಹೆಚ್ಚು ನಿದ್ದೆ ಕದಿಯುತ್ತದೆಂದು 2013ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಚಳಿಗೆಂದು, ಭಯಕ್ಕೆಂದು ಹಾಕುವ ಗುಟುಕು ಹೆಂಡದ್ದು ಇನ್ನೊಂದು ಬಗೆ. ಅದು ಬೇಗ ಮಲಗಿಸುತ್ತದೆ, ಎರಡನೇ ಜಾವದಿಂದ ನಿದ್ದೆಯನ್ನು ಚೂರುಚೂರು ಮಾಡುತ್ತದೆ.

ಈ ಬೆಟ್ಟಗಳಲ್ಲಿ ರಾತ್ರಿ ದುಡಿಯುವ ಬೇರೆಯವರೂ ಇದ್ದಾರೆ, ಅವರು ಊರವರಲ್ಲ, ಹಾದುಹೋಗುವವರು. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರು. ರಾತ್ರಿ ಹನ್ನೊಂದಕ್ಕೆ ಹೊರಟ ಮಂಗಳೂರು ಬಸ್ಸು ದೋಣಿಗಾಲ್ ದಾಟಿ ಶಿರಾಡಿಗೆ ಇಳಿಯುವ ಹೊತ್ತಿಗೆ ಮೂರೂವರೆ ನಾಲ್ಕು. ದೇಹದ ಗಡಿಯಾರ ತಳ ಮುಟ್ಟುವ ಗಳಿಗೆ ಮತ್ತು ಘಾಟಿಯ ತಿರುವು ಒಂದೇ ಕಡೆ ಸೇರುತ್ತವೆ. ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದ ಪ್ರಕಾರ ಹದಿನೇಳು ಗಂಟೆ ಸತತ ಎಚ್ಚರವಿದ್ದವನ ಕೈಗಣ್ಣಿನ ಹೊಂದಾಣಿಕೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವನಿಗೆ ಸಮ. ನಮ್ಮ ಕಾನೂನಿನ ಮಿತಿ 30. ಬೆಳಿಗ್ಗೆ ಆರಕ್ಕೆ ಎದ್ದು, ಮಧ್ಯಾಹ್ನ ಮಲಗದೆ ಸ್ಟೇರಿಂಗ್ ಹಿಡಿದ ಚಾಲಕ ಹೊರಡುವಾಗಲೇ ಆ ಮಿತಿಯಾಚೆ ಇದ್ದಾನೆ. ಊದಿಸಿ ನೋಡಿದರೆ ಯಂತ್ರ ಸೊನ್ನೆ ತೋರಿಸುತ್ತದೆ.

ಆದರೂ ತಿರುವುಗಳು ಚಾಲಕನನ್ನು ಒಂದಿಷ್ಟು ಎತ್ತಿ ಹಿಡಿಯುತ್ತವೆ. ಕೈಗೆ ಕೆಲಸವಿದ್ದಾಗ ನಿದ್ದೆ ಅಡಗಿ ಕೂರುತ್ತದೆ, ಕೆಲಸ ತಪ್ಪಿದ ಕೂಡಲೇ ಎದ್ದು ಬರುತ್ತದೆ. ಹಾಗಾಗಿ ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬಂದ ಲಾರಿಗೆ ಹಾಸನ ದಾಟಿದ ಮೇಲಿನ ನೇರ, ಅಗಲ ಹೆದ್ದಾರಿಯೇ ಹೆಚ್ಚು ಅಪಾಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿನ ಜೊಂಪು ಎಂದರೆ 50 ಮೀಟರ್ ದಾರಿ. ಕಿಟಕಿ ತೆರೆದು ಗಾಳಿ ಕುಡಿಯುವುದು, ಹಾಡು ಜೋರು ಮಾಡುವುದು, ಇವುಗಳ ಪ್ರಯೋಜನ ಕೆಲವೇ ನಿಮಿಷ ಎಂದು ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ರೇನರ್ ಮತ್ತು ಹಾರ್ನ್ ಪರೀಕ್ಷಿಸಿ ಹೇಳಿದರು. ಅವರೇ ಕಂಡುಕೊಂಡ, ನಿಜಕ್ಕೂ ಕೆಲಸ ಮಾಡುವ ಉಪಾಯ ನಮ್ಮ ಹೋಟೆಲುಗಳ ಮುಂದೆ ನಡೆಯುವಂಥದ್ದೇ: ಸ್ಟ್ರಾಂಗ್ ಕಾಫಿ ಕುಡಿದು ಕೂಡಲೇ ಹದಿನೈದು ನಿಮಿಷ ಕಣ್ಣು ಮುಚ್ಚುವುದು. ಕೆಫೀನ್ ತಲೆಗೆ ಹತ್ತುವಷ್ಟರಲ್ಲಿ ಎಚ್ಚರ. ಚಾಲಕನಿಗೆ ವಿಪರೀತ ಗೊರಕೆಯಿದ್ದು, ನಡುವೆ ಉಸಿರು ಕಟ್ಟುತ್ತಿದ್ದರೆ ಇದ್ಯಾವುದೂ ಸಾಲದು. ಅದು ಚಿಕಿತ್ಸೆ ಬೇಕಾದ ಕಾಯಿಲೆ, ಚಿಕಿತ್ಸೆ ಇರುವ ಕಾಯಿಲೆಯೂ ಹೌದು.

ರಸ್ತೆಗೆ ಸಮಾನಾಂತರವಾಗಿ ಕಾಡಿನೊಳಗೆ ರೈಲು ಹಳಿ ಇಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರು, 57 ಸುರಂಗ, ಐವತ್ತು ಅಡಿಗೆ ಒಂದಡಿ ಇಳಿಜಾರು. 2024ರ ಜುಲೈ ಕೊನೆಯಲ್ಲಿ ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ರೈಲುಗಳೇ ನಿಂತವು. ಮಳೆಗಾಲದ ರಾತ್ರಿಗಳಲ್ಲಿ ಹಳಿಯುದ್ದಕ್ಕೂ ನಡೆದು ನೋಡುವ ಗಸ್ತಿನವರಿಗೆ ಕುಸಿತ ಕಂಡರೆ ಮಾಡಬೇಕಾದ್ದು ಕಂಠಪಾಠ. ಓಡಿ, 600 ಮೀಟರ್ ದೂರದಲ್ಲಿ ಹಳಿಗೆ ಒಂದು ಡಿಟೊನೇಟರ್ ಕಟ್ಟಬೇಕು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರಿಗೆ ಮೂರು. ರೈಲಿನ ಗಾಲಿ ಹತ್ತಿ ಅದು ಸಿಡಿದರೆ ಚಾಲಕನಿಗೆ ಎಚ್ಚರಿಕೆ. ಇಷ್ಟನ್ನೂ ನೂರು ರಾತ್ರಿ ಏನೂ ಕಾಣದೆ ನಡೆದ ಮೇಲೆ, ನೂರೊಂದನೆಯ ರಾತ್ರಿ ಮೂರೂವರೆಗೆ, ಮಳೆಯಲ್ಲಿ ತಪ್ಪಿಲ್ಲದೆ ಮಾಡಬೇಕು. ಎಲ್ಲವನ್ನೂ ಬಾಯಿಪಾಠ ಮಾಡಿಸುವ ರೈಲ್ವೆಯ ಪದ್ಧತಿಯನ್ನು ಜಡ ಎಂದು ಹಳಿಯುವವರಿದ್ದಾರೆ. ಆ ಹೊತ್ತಿನ ಮಿದುಳಿನಿಂದ ಹೊಸ ಯೋಚನೆ ನಿರೀಕ್ಷಿಸುವಂತಿಲ್ಲ ಎಂದು ತಿಳಿದವರು ಬರೆದ ನಿಯಮದಂತೆ ನನಗೆ ಅದು ಕಾಣುತ್ತದೆ.

ಮತ್ತೆ ತೋಟಕ್ಕೆ ಬರೋಣ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಆನೆ ಎಲ್ಲಿದೆಯೆಂದು ಸಂಜೆಯೇ ಟಿವಿ ಪಟ್ಟಿ, ಮೊಬೈಲ್ ಮೆಸೇಜು, ಎತ್ತರದ ಕೆಂಪು ದೀಪಗಳ ಮೂಲಕ ತಿಳಿಸುವ ಏರ್ಪಾಡು ಮಾಡಿದ್ದರು. ಅಂಥದ್ದೇ ವ್ಯವಸ್ಥೆ ಹಾಸನ ಜಿಲ್ಲೆಗೂ ಬಂತು. ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೊ ಕಾಲರ್ ತೊಡಿಸಿತು, ಊರವರ ಮೊಬೈಲಿಗೆ ಮೆಸೇಜು ಬರತೊಡಗಿತು, ರಸ್ತೆ ಬದಿಯಲ್ಲಿ ಬೋರ್ಡುಗಳು ನಿಂತವು. ಇದನ್ನೆಲ್ಲ ಸಾವು ತಪ್ಪಿಸುವ ಉಪಾಯವೆಂದು ವರ್ಣಿಸುತ್ತಾರೆ, ಅದು ಸರಿಯೇ. ನಿದ್ದೆಯ ಕಡೆಯಿಂದ ನೋಡಿದರೆ ಇದರ ದೊಡ್ಡ ಉಪಕಾರ ಆಗಬೇಕಾದದ್ದು ಮೆಸೇಜು ಬರದ ರಾತ್ರಿ. ಹಡಗಿನ ಎಂಜಿನಿಯರಿಗೆ ಈ ರಾತ್ರಿ ನಿನ್ನ ಪಾಳಿಯಲ್ಲ ಎಂದು ಹೇಳಿದಂತೆ ಅದು. ಆದರೆ ಕಿವಿ ಅಷ್ಟು ಸುಲಭವಾಗಿ ನಂಬುವುದಿಲ್ಲ. ನೆಟ್‌ವರ್ಕ್ ಇಲ್ಲದೆ ಒಂದು ಸಲ ಮೆಸೇಜು ತಪ್ಪಿದರೆ ತಿಂಗಳುಗಟ್ಟಲೆ ಅದು ತನ್ನ ಪಾಳಿಗೆ ತಾನೇ ಮರಳುತ್ತದೆ. ಹಾಗಾಗಿ ‘ಇವತ್ತು ನಿಮ್ಮ ಕಡೆ ಆನೆ ಇಲ್ಲ’ ಎಂಬ ಮೆಸೇಜನ್ನೂ ಕಳಿಸುವುದು ಲೇಸೆಂದು ನನ್ನ ಅನಿಸಿಕೆ. ತಪ್ಪಾದರೆ ಹೊಣೆ ಯಾರದು ಎಂಬ ಪ್ರಶ್ನೆ ಏಳುತ್ತದೆ, ಇಲಾಖೆಯವರು ಹಿಂಜರಿದರೆ ಅವರನ್ನು ದೂರಲಾಗದು.

ಕಾವಲಿನ ಪಾಳಿಯ ವಿಷಯದಲ್ಲಿ ಟಾಂಜಾನಿಯಾದ ಹಡ್ಜಾ ಬೇಟೆಗಾರರಿಂದ ಕಲಿಯುವುದಿದೆ. ಡೇವಿಡ್ ಸ್ಯಾಮ್ಸನ್ ತಂಡ 33 ಮಂದಿಯ ನಿದ್ದೆಯನ್ನು 20 ರಾತ್ರಿ ಅಳೆಯಿತು. ಎಲ್ಲರೂ ಒಟ್ಟಿಗೆ ಮಲಗಿದ್ದ ಹೊತ್ತು ಎಲ್ಲ ರಾತ್ರಿಗಳೂ ಸೇರಿ ಹದಿನೆಂಟು ನಿಮಿಷ. ಯಾರೂ ಪಾಳಿ ಹಾಕಿರಲಿಲ್ಲ. ವಯಸ್ಸಾದವರಿಗೆ ಬೇಗ ಮಲಗಿ ಬೇಗ ಏಳುವ ಮೈ, ಹರೆಯದವರಿಗೆ ತಡವಾಗಿ ಮಲಗುವ ಮೈ, ತಾನಾಗಿಯೇ ಸರದಿ ಏರ್ಪಟ್ಟಿತ್ತು. ನಮ್ಮ ಗದ್ದೆ ಕಾವಲಿನಲ್ಲಿ ಗಟ್ಟಿಮುಟ್ಟಾದ ಒಬ್ಬನೇ ಇಡೀ ರಾತ್ರಿ ಕೂರುವುದಕ್ಕಿಂತ, ಹುಡುಗರು ಒಂದು ಗಂಟೆವರೆಗೆ ಇದ್ದು, ಹೇಗೂ ಮೂರಕ್ಕೆ ಎಚ್ಚರವಾಗುವ ಅಜ್ಜಂದಿರಿಗೆ ಆಮೇಲಿನ ಹೊತ್ತು ಬಿಡುವುದು ದೇಹಧರ್ಮಕ್ಕೆ ಹತ್ತಿರ. ಜನ ಸಾಕಷ್ಟಿರಬೇಕು, ನಿಜ. ಹುಡುಗರು ಬೆಂಗಳೂರು ಸೇರಿರುವ ಊರಲ್ಲಿ ಇದು ಬಾಯಿಮಾತು.

ಇನ್ನು ಬೆಳಗಿನ ಹಾಜರಿ. ರಾತ್ರಿ ಕಾವಲಿದ್ದವರಿಗೆ ಆವತ್ತು ಏಣಿ, ಮರ ಹತ್ತಿ ಕೊಂಬೆ ಸವರುವ ಮರಗಸಿ, ಪಲ್ಪರ್ ಬೇಡ, ನೆಲದ ಮೇಲಿನ ಕೆಲಸ ಕೊಡಿ, ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ ಮಲಗಲು ಬಿಡಿ ಎಂದು ತೋಟದ ಮಾಲೀಕರೊಬ್ಬರ ಮುಂದೆ ಹೇಳಿ ನೋಡಿದೆ. ‘ಹಾಗಂದ್ರೆ ಎಲ್ರೂ ಕಾವಲಿದ್ವಿ ಅಂತಾರೆ ಸಾರ್’ ಅಂದರು. ಮಾತು ಸುಳ್ಳೇನಲ್ಲ. ಆದರೆ ಹಿಂದಿನ ರಾತ್ರಿ ಆನೆ ಯಾವ ಊರಿನ ಮಗ್ಗುಲಲ್ಲಿತ್ತು ಎನ್ನುವ ಮೆಸೇಜು ಅವರ ಮೊಬೈಲಿಗೂ ಬಂದಿರುತ್ತದೆ, ಮೇಸ್ತ್ರಿಯ ಮೊಬೈಲಿಗೂ ಬಂದಿರುತ್ತದೆ. ಮೆಣಸು ಕೊಯ್ಲಿನ ದಿನ ಆ ಊರಿನ ಆಳುಗಳನ್ನು ಏಣಿಯ ಬುಡದಲ್ಲಿ ಮೆಣಸು ಹೆಕ್ಕಲು ನಿಲ್ಲಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.